ಮನೆ ಒಬ್ಬ ಮಂತ್ರಿಗೆ, ಮನಸ್ಸು ಇನ್ನೊಬ್ಬ ಮಂತ್ರಿಗೆ

2019ರ ಆಗಸ್ಟಿನಲ್ಲಿ ಗಂಗಾವಳಿ ಉಕ್ಕಿ ರಾಮನಗುಳಿಯ ತೂಗುಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು. ದಂಡೆಯ ಮನೆಗಳ ಗತಿಯನ್ನು ಬೇರೆ ಹೇಳಬೇಕಾಗಿಲ್ಲ. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಸರಕಾರ ಸಾರಿತು. ಒಳ್ಳೆಯ ಮಾತು. ಆದರೆ ಈ ಜಿಲ್ಲೆಯ ನೆಲದ ಬಹುಪಾಲು ಅರಣ್ಯ ಇಲಾಖೆಯ ಲೆಕ್ಕದಲ್ಲಿದೆ. ಅಜ್ಜನ ಕಾಲದಿಂದ ಕೂತ ಜಾಗಕ್ಕೂ ಪಟ್ಟೆಯಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆ, ಬುಡಕಟ್ಟಿಗೆ ಸೇರದವನಿಂದ 3 ತಲೆಮಾರಿನ, ಎಂದರೆ 75 ವರ್ಷಗಳ ವಾಸಕ್ಕೆ ಸಾಕ್ಷಿ ಕೇಳುತ್ತದೆ. ಕಾಗದದ ಪೆಟ್ಟಿಗೆಯನ್ನು ಹೊಳೆ ಒಯ್ದ ಮೇಲೆ ಸಾಕ್ಷಿಗೆ ಹೊಳೆಯನ್ನೇ ಕರೆಯಬೇಕಷ್ಟೆ!

2021ರ ಜುಲೈಯಲ್ಲಿ ಅದೇ ಹೊಳೆ ಗುಳ್ಳಾಪುರದ ಸೇತುವೆಯನ್ನು ಮುರಿಯಿತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ ಬದಿಯ ಚಹದಂಗಡಿಯೂ ಅದರೊಳಗಿನ ಸಂಸಾರವೂ ಹೋದವು. ಆಚೆ ದಂಡೆಯ ಉಳುವರೆಯಲ್ಲಿ ಮನೆಗಳು ನೆಲಸಮವಾದವು. ಸಣ್ಣ ವ್ಯಾಪಾರಿಗೆ ಅಂಗಡಿಯೇ ಮನೆ. ಗಿರಣಿಯ ಮಜೂರನ ಸ್ಥಿತಿಯೂ ಹೆಚ್ಚೇನಲ್ಲ: ಕೆಲಸ ಹೋದ ದಿನ ಕಂಪನಿಯ ಕೋಣೆಯೂ ಹೋಗುತ್ತದೆ. ಹೀಗೆ ಸೂರು ಕಳೆದುಕೊಂಡವನು ಮಳೆ ಜೋರಾದೊಡನೆ ನಿದ್ದೆಗೆಟ್ಟು ಹೊಳೆಯ ಸದ್ದು ಕೇಳುತ್ತ ಕೂತರೆ ಊರವರು ಗಾಳಿ ಸೋಕಿದೆ ಎನ್ನುತ್ತಾರೆ. ಸರಕಾರ ಅಷ್ಟನ್ನೂ ಅನ್ನುವುದಿಲ್ಲ.

ಶಾಸಕರು ಪ್ರಶ್ನೆ ಕೇಳುವುದಿಲ್ಲವೆಂದಲ್ಲ. ಆದರೆ ಮನೆಯ ಪ್ರಶ್ನೆಗೆ ವಸತಿ ಸಚಿವರು, ಪರಿಹಾರಕ್ಕೆ ಕಂದಾಯ ಸಚಿವರು, ಮನೋರೋಗಕ್ಕೆ ಆರೋಗ್ಯ ಸಚಿವರು, ಬೀದಿಗೆ ಬಿದ್ದವನಿಗೆ ಸಮಾಜ ಕಲ್ಯಾಣ ಸಚಿವರು. ನಾಲ್ವರೂ ತಂತಮ್ಮ ಪಾಲಿನ ಉತ್ತರವನ್ನು "ಅನುಬಂಧದಲ್ಲಿ ಒದಗಿಸಿದೆ" ಎಂಬ ಮಂತ್ರದೊಂದಿಗೆ ಮುಗಿಸುತ್ತಾರೆ. ಮನುಷ್ಯ ಮಾತ್ರ ಯಾವ ಅನುಬಂಧದಲ್ಲಿಯೂ ಇರುವುದಿಲ್ಲ. ಕಾಗೋಡು ಸತ್ಯಾಗ್ರಹದ ಮರುವರ್ಷ, 1952ರಲ್ಲಿ, ಶಾಂತವೇರಿ ಗೋಪಾಲಗೌಡರು ವಿಧಾನಸಭೆಯನ್ನು ಹೊಕ್ಕಾಗ ಗೇಣಿದಾರನನ್ನು ಹೀಗೆ ತುಂಡು ಮಾಡಿ ಒಯ್ದಿರಲಿಲ್ಲ.

ಕಾಯಿದೆಗೆ ಕೊರತೆಯಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 18ನೆಯ ಕಲಮಿನಂತೆ, ಕಾರ್ಡು ಇರಲಿ ಇಲ್ಲದಿರಲಿ, ಬಡವರಿಗೂ ಮನೆಯಿಲ್ಲದವರಿಗೂ ಸರಕಾರಿ ಚಿಕಿತ್ಸೆ ಪುಕ್ಕಟೆ. 19ನೆಯ ಕಲಮಂತೂ, ಮನೆಯಿಲ್ಲವೆಂಬ ಅಥವಾ ಮನೆಯವರು ಒಲ್ಲರೆಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಕೂಡಿಹಾಕಕೂಡದು ಎನ್ನುತ್ತದೆ. ಹಾಗಾದರೆ ಗುಣವಾದವನು ಎಲ್ಲಿಗೆ ಹೋಗಬೇಕು? ಇಲ್ಲಿ ಮನೆಯೂ ಮದ್ದೂ ಒಂದೇ ಪ್ರಶ್ನೆಯಾಗುತ್ತವೆ. ರಾಮನಗುಳಿಯವರಿಗೆ ಮನೋರೋಗದ ದೊಡ್ಡ ಆಸ್ಪತ್ರೆಯೆಂದರೆ ಘಟ್ಟ ಹತ್ತಿ, ಯಲ್ಲಾಪುರ, ಕಲಘಟಗಿ ದಾಟಿ ಧಾರವಾಡ. ಬಸ್ಸಿನ ಚಾರ್ಜು ಮತ್ತು ಒಂದು ದಿನದ ಕೂಲಿ ಕಾಯಿದೆಯ ಯಾವ ಕಲಮಿನಲ್ಲಿಯೂ ಇಲ್ಲ.

ಹಣವಿಲ್ಲವೆಂಬ ಮಾತು ಬೇಡ. ನಮ್ಮ ಅಂಗಡಿಕಾರರು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 3ರಂತೆ ಭಿಕ್ಷುಕರ ಕರ ವಸೂಲಾಗುತ್ತದೆ. ಅದಕ್ಕೆ ಆಧಾರ 1975ರ ಭಿಕ್ಷಾಟನೆ ನಿಷೇಧ ಕಾಯಿದೆ. ಅದೇ ಕರದಿಂದ ನಡೆಯುವ ಬೆಂಗಳೂರಿನ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಜನ ಸಾಲುಸಾಲಾಗಿ ಸತ್ತರು. ಅನ್ನಕ್ಕೆಂದು ಕೊಟ್ಟ ಕಾಸಿನ ಲೆಕ್ಕ ಕೇಳುವ ಹಕ್ಕು ಕೊಟ್ಟವರಿಗಿದೆ.

ಈ ಜಿಲ್ಲೆಯ ಶಾಸಕರನ್ನು ನಾವು ಕೇಳುವುದಿಷ್ಟು: 2019ರಿಂದ ಈಚೆಗೆ ಗಂಗಾವಳಿ ದಂಡೆಯಲ್ಲಿ ಬಿದ್ದ ಮನೆಗಳೆಷ್ಟು, ಪಟ್ಟೆಯಿಲ್ಲವೆಂದು ಪರಿಹಾರ ತಪ್ಪಿದವೆಷ್ಟು, ಆ ಮನೆಗಳವರನ್ನು ಮನೋವೈದ್ಯರು ಎಷ್ಟು ಸಲ ಕಂಡರು, ಈ ತಾಲೂಕಿನಿಂದ ಸಂದ ಭಿಕ್ಷುಕರ ಕರ ಎಲ್ಲಿ ಖರ್ಚಾಯಿತು, ಇವೆಲ್ಲವನ್ನೂ ಒಂದೇ ಚುಕ್ಕೆ ಗುರುತಿನ ಪ್ರಶ್ನೆಯಾಗಿ ಬರುವ ಅಧಿವೇಶನದಲ್ಲಿ ಎತ್ತಲಿ. ಉತ್ತರ ಬಂದರೆ ಅಕ್ಷರ ಬಿಡದೆ ಅಚ್ಚು ಹಾಕುತ್ತೇವೆ, ಅನುಬಂಧ ಸಹಿತವಾಗಿ.