ಕೆಡುವುದು ಖಚಿತ, ಎಷ್ಟು ಬೇಗ?

ಕಳೆದ ಆಗಸ್ಟಿನಲ್ಲಿ ಟ್ರೈಲರ್ ಓಡಿಸುವ ನಮ್ಮ ಕಡೆಯ ಅಣ್ಣನೊಬ್ಬರು ಚೀಟಿ ಹಿಡಿದು ನಮ್ಮ ಔಷಧದ ಕೌಂಟರಿಗೆ ಬಂದರು. ಶುಗರ್ 380. ಡಾಕ್ಟರು ಇನ್ಸುಲಿನ್ ಡೋಸ್ ಏರಿಸಿ ಬರೆದಿದ್ದರು. "ಒಂದು ದಿನವೂ ತಪ್ಪಿಸಿಲ್ಲ ಸಾರ್, ಆದರೂ ಇಳಿಯುವುದಿಲ್ಲ" ಎಂದರು. ಹಳೆಯ ಪೆನ್ನು ಎಲ್ಲಿಟ್ಟಿರುತ್ತೀರಿ ಎಂದು ಕೇಳಿದೆವು. "ಗಾಡಿಯಲ್ಲೇ, ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ. ಡೇಟು ಇನ್ನೂ ಒಂದು ವರ್ಷ ಇದೆಯಲ್ಲ!"

ನಾವು ತಕ್ಷಣ ಡಾಕ್ಟರಿಗೆ ಫೋನ್ ಮಾಡಿದೆವು. ಸತ್ತ ಇನ್ಸುಲಿನ್ ನೋಡಿ ಏರಿಸಿದ ಡೋಸನ್ನು ಹೊಸ ಪೆನ್ನಿನಲ್ಲಿ ಚುಚ್ಚಿಕೊಂಡರೆ ಶುಗರ್ ಒಮ್ಮೆಲೇ ಕುಸಿಯುತ್ತದೆ. ಅದೂ ಹೆದ್ದಾರಿಯಲ್ಲಿ, ಸ್ಟೀರಿಂಗ್ ಹಿಡಿದಾಗ. ಡೋಸು ಮೊದಲಿನಷ್ಟೇ ಉಳಿಯಿತು, ಪೆನ್ನು ಮಾತ್ರ ಹೊಸದಾಯಿತು.

ಡೇಟಿನ ಮೇಲಿನ ಆ ನಂಬಿಕೆ ನಮ್ಮಲ್ಲಿ ಬಹಳ ಜನರಿಗಿದೆ. ಅದನ್ನು ಬಿಡಿಸಲು ಡಿಪ್ಲೊಮಾ ಓದುವಾಗ ನಾವು ಉರು ಹೊಡೆದು, ಪರೀಕ್ಷೆ ಮುಗಿದ ಮೇಲೆ ಮರೆತ ಒಂದು ಪಾಠಕ್ಕೆ ಹೋಗಬೇಕು. ರಾಸಾಯನಿಕ ಕ್ರಿಯೆಯ ಬಗ್ಗೆ ಎರಡು ಬೇರೆ ಪ್ರಶ್ನೆಗಳಿವೆ. ಅದು ತಾನಾಗಿ ಆ ದಿಕ್ಕಿಗೆ ಹೋಗುವಂಥದ್ದೇ ಎಂಬುದು ಒಂದು, ಥರ್ಮೋಡೈನಾಮಿಕ್ಸ್ ಅದಕ್ಕೆ ಉತ್ತರ ಕೊಡುತ್ತದೆ. ಎಷ್ಟು ಬೇಗ ಹೋಗುತ್ತದೆ ಎಂಬುದು ಇನ್ನೊಂದು, ಅದು ಕೈನೆಟಿಕ್ಸ್. ಮೊದಲನೆಯದರ ಉತ್ತರ ಗೊತ್ತಾದ ಮಾತ್ರಕ್ಕೆ ಎರಡನೆಯದು ಗೊತ್ತಾಗುವುದಿಲ್ಲ.

ಊರಿಗೆ ಹೋಗುವಾಗ ಮನೆಯವರಿಗೆಂದು ವಜ್ರದ ಮೂಗುಬೊಟ್ಟು ಕೊಳ್ಳುತ್ತೀರಲ್ಲ, ಅದನ್ನೇ ನೋಡಿ. ನಾವಿರುವ ಗಾಳಿಯ ಒತ್ತಡ, ಉಷ್ಣತೆಯಲ್ಲಿ ಇಂಗಾಲಕ್ಕೆ ವಜ್ರವಾಗಿರುವುದಕ್ಕಿಂತ ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಆಗಿರುವುದೇ ಹೆಚ್ಚು ಸ್ಥಿರವಾದ ಸ್ಥಿತಿ. ಲೆಕ್ಕದ ಪ್ರಕಾರ ವಜ್ರ ಗ್ರಾಫೈಟ್ ಆಗಬೇಕು. ಆದರೆ ಒಳಗಿನ ಗಟ್ಟಿ ಬಂಧಗಳನ್ನು ಮೊದಲು ಮುರಿಯಬೇಕು, ಆ ದಿಬ್ಬ ಹತ್ತುವಷ್ಟು ಶಕ್ತಿ ಮನೆಯ ಉಷ್ಣತೆಯಲ್ಲಿಲ್ಲ. ಈ ದಿಬ್ಬದ ಹೆಸರು ಆಕ್ಟಿವೇಶನ್ ಎನರ್ಜಿ. ಹಾಗಾಗಿ ಮೂಗುಬೊಟ್ಟಿಗೆ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗುವುದಿಲ್ಲ, ದುಡ್ಡಿಗೆ ಮೋಸವಿಲ್ಲ.

ಔಷಧಕ್ಕೆ ಇರುವ ದಿಬ್ಬ ಅಷ್ಟು ಎತ್ತರದ್ದಲ್ಲ. ಆಸ್ಪಿರಿನ್ ಮಾತ್ರೆ ತೇವ ಸಿಕ್ಕರೆ ಒಡೆದು ಸ್ಯಾಲಿಸಿಲಿಕ್ ಆಮ್ಲ, ಅಸಿಟಿಕ್ ಆಮ್ಲ ಆಗುತ್ತದೆ. ಎರಡನೆಯದು ವಿನೆಗರ್‌ನ ಆಮ್ಲವೇ. ಬಾತ್‌ರೂಮಿನ ಕಪಾಟಿನಲ್ಲಿಟ್ಟ ಡಬ್ಬಿ ತೆರೆದಾಗ ಹುಳಿ ವಾಸನೆ ಬಂದರೆ ಕಾರಣ ಇದು. ಮಕ್ಕಳ ಅಮಾಕ್ಸಿಸಿಲಿನ್ ಪುಡಿಯ ಕಥೆಯೂ ಇಂಥದ್ದೇ. ಅದರ ಅಣುವಿನಲ್ಲಿ ನಾಲ್ಕು ಮೂಲೆಯ ಒಂದು ಬಿಗಿದ ಉಂಗುರವಿದೆ, ಬಿಚ್ಚಿಕೊಳ್ಳಲು ಸದಾ ಸಿದ್ಧ. ಬಾಟಲಿಯಲ್ಲಿ ಒಣಗಿದ್ದಾಗ ನೀರಿಲ್ಲ, ಪುಡಿ ವರ್ಷಗಟ್ಟಲೆ ಕಾಯುತ್ತದೆ. ನೀರು ಬೆರೆಸಿದ ದಿನದಿಂದ ಎಣಿಕೆ ಶುರು, ಸಾಮಾನ್ಯವಾಗಿ 14 ದಿನ. ಫ್ರಿಜ್ಜಿನಲ್ಲಿಟ್ಟರೂ ಉಂಗುರ ಬಿಚ್ಚುವುದು ನಿಲ್ಲುವುದಿಲ್ಲ, ನಿಧಾನವಾಗುತ್ತದೆ ಅಷ್ಟೆ. ಉಳಿದ ಸಿರಪ್ಪನ್ನು ಮುಂದಿನ ಜ್ವರಕ್ಕೆಂದು ಎತ್ತಿಡುವ ತಾಯಂದಿರೊಡನೆ ನಾವು ಜಗಳ ಆಡುವುದು ಇದಕ್ಕೇ.

ಉಷ್ಣತೆಗೂ ವೇಗಕ್ಕೂ ಇರುವ ಸಂಬಂಧಕ್ಕೆ 1889ರಲ್ಲಿ ಸ್ವೀಡನ್ನಿನ ಅರೇನಿಯಸ್ ಒಂದು ಸಮೀಕರಣ ಕೊಟ್ಟರು. ನಾವು ನೆನಪಿಟ್ಟುಕೊಂಡಿರುವುದು ಅದರ ಒರಟು ರೂಪ: ಪ್ರತಿ 10 ಡಿಗ್ರಿಗೆ ವೇಗ ಸುಮಾರು ಎರಡರಿಂದ ಮೂರು ಪಟ್ಟು. ಔಷಧ ಕಂಪನಿಗಳು ಮಾದರಿಗಳನ್ನು 40 ಡಿಗ್ರಿ, ಶೇಕಡಾ 75 ತೇವದಲ್ಲಿ ಆರು ತಿಂಗಳಿಟ್ಟು ಪರೀಕ್ಷಿಸುವುದು ಈ ನಂಬಿಕೆಯ ಮೇಲೆಯೇ. ಹಾಗೆಯೇ ಡಬ್ಬಿಯ ಮೇಲಿನ ಡೇಟಿಗೆ ಒಂದು ಷರತ್ತಿದೆ, ಅದನ್ನು ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ: 25 ಅಥವಾ 30 ಡಿಗ್ರಿ ಮೀರಬಾರದು. ಇಲ್ಲಿ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಗಾಡಿಯ ಒಳಗೆ 60 ಡಿಗ್ರಿ ದಾಟುತ್ತದೆ. 30ರಿಂದ 60ಕ್ಕೆ ಮೂರು ಹತ್ತು. ಎರಡು ಪಟ್ಟಿನ ಲೆಕ್ಕ ಹಿಡಿದರೂ ವೇಗ ಎಂಟು ಪಟ್ಟು, ಮೂರು ಪಟ್ಟು ಹಿಡಿದರೆ ಇಪ್ಪತ್ತೇಳು. ಇನ್ಸುಲಿನ್‌ದು ಇನ್ನೂ ಕಷ್ಟ. ಅದು ಪ್ರೋಟೀನ್, ಬಿಸಿಗೆ ಅಣುವಿನ ಮಡಿಕೆಯೇ ಬಿಚ್ಚಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎಷ್ಟೋ ಸಲ ನೋಡಲು ನೀರಿನಂತೆ ತಿಳಿಯಾಗಿಯೇ ಇರುತ್ತದೆ.

ಒಡೆಯದ ಪೆನ್ನು 2ರಿಂದ 8 ಡಿಗ್ರಿಯ ಫ್ರಿಜ್ಜಿನಲ್ಲಿ, ಫ್ರೀಜರಿನಲ್ಲಿ ಬೇಡ. ಬಳಸುತ್ತಿರುವುದು ಹೆಚ್ಚಿನ ಬಗೆಗಳಲ್ಲಿ 30 ಡಿಗ್ರಿಯೊಳಗೆ ನಾಲ್ಕು ವಾರ. ನಿಮ್ಮದರ ಲೆಕ್ಕವನ್ನು ಚೀಟಿಯಲ್ಲಿ ನೋಡಿ, ಇಲ್ಲವೇ ನಮ್ಮನ್ನು ಕೇಳಿ. ವಿಮಾನದಲ್ಲಿ ಕೈಚೀಲದಲ್ಲಿಡಿ, ಲಗೇಜಿಗೆ ಹಾಕಬೇಡಿ.

ಆ ಅಣ್ಣ ಮೂರು ವಾರದ ನಂತರ ಮತ್ತೆ ಬಂದರು. ಶುಗರ್ 160ಕ್ಕೆ ಇಳಿದಿತ್ತು. ತಣ್ಣನೆಯ ಜೆಲ್ ಪ್ಯಾಕ್ ಇರುವ ಪುಟ್ಟ ಚೀಲವೊಂದು ಹೆಗಲಿನಲ್ಲಿತ್ತು, ಪೆನ್ನು ಐಸಿಗೆ ನೇರ ತಾಗದಂತೆ ಟವೆಲ್ಲಿನಲ್ಲಿ ಸುತ್ತಿತ್ತು. "ಗಾಡಿಯಿಂದ ನಾನಿಳಿದರೆ ಇದೂ ಇಳಿಯುತ್ತದೆ ಸಾರ್" ಎಂದರು. ಕ್ಯಾಬಿನ್ನಿನಲ್ಲಿ ಇನ್ನೂ ಏನಿದೆ ಎಂದು ಕೇಳಿದೆವು. ಬಿ.ಪಿ. ಮಾತ್ರೆ ಅಲ್ಲೇ ಇತ್ತು.