ಅಂಗಡಿ ಆರ್ಕಿಡ್‌ನ ಪರವಾಗಿ

"ಇದು ಕಾಡಿನದು ಕಣ್ರೀ, ಅಂಗಡಿಯದಲ್ಲ."

ಕಳೆದ ತಿಂಗಳು ಹಿರಿಯ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದಾಗ, ಬಾಲ್ಕನಿಯಲ್ಲಿ ತೂಗುಹಾಕಿದ್ದ ಸೀತಾಳೆ ಗಿಡವನ್ನು ತೋರಿಸಿ ಅವರು ಹೇಳಿದ ಮಾತಿದು. ಕವಿತೆ ಬರೆಯುವವರು. ಘಟ್ಟದ ರಸ್ತೆ ಅಗಲ ಮಾಡಬೇಡಿ ಎಂಬ ಮನವಿಗಳಿಗೆಲ್ಲ ಮೊದಲು ಸಹಿ ಹಾಕುವವರು. ತೆಂಗಿನ ಸಿಪ್ಪೆಗೆ ತಂತಿಯಲ್ಲಿ ಬಿಗಿದಿದ್ದ ಆ ಗಿಡದಲ್ಲಿ ಮೂರು ಎಲೆ ಉಳಿದಿದ್ದವು, ಬೇರುಗಳು ಒಣಗಿ ಸೆಣಬಿನ ದಾರದಂತಾಗಿದ್ದವು. ಇನ್ನೊಂದು ಬೇಸಿಗೆ ಅದು ದಾಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ, ಕಾಫಿ ಕುಡಿದು ಎದ್ದು ಬಂದೆ. ಅವತ್ತು ಹೇಳದೇ ಉಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಅವರು ಓದಿದರೆ ಓದಲಿ.

ಗಿಡ ತಂದಿದ್ದಕ್ಕಿಂತ ಆ ಮಾತಿನಲ್ಲಿದ್ದ ಹೆಮ್ಮೆಯ ಮೇಲೆ ನನ್ನ ಸಿಟ್ಟು. ಅದನ್ನು ನಮಗೆ ಕಲಿಸಿದ್ದು ಸಾಹಿತ್ಯವೇ ಇರಬೇಕು ಎಂಬ ಅನುಮಾನವೂ ಇದೆ. ಕನ್ನಡ ವಿಭಾಗವೊಂದರಲ್ಲಿ ನಾಲ್ಕಾರು ವರ್ಷ ಕಳೆದವರಿಗೆ ಗೊತ್ತಿರುತ್ತದೆ: ವಿಚಾರ ಸಂಕಿರಣದಲ್ಲಿ ಒಬ್ಬ ಲೇಖಕನನ್ನು ಹೊಗಳಬೇಕಾದರೆ 'ಕಾಡುಹೂವು' ಎನ್ನುತ್ತೇವೆ, ತೆಗಳಬೇಕಾದರೆ 'ಕುಂಡದ ಗಿಡ' ಎನ್ನುತ್ತೇವೆ. ನಾನೂ ನನ್ನ ಮಹಾಪ್ರಬಂಧದ ಮೊದಲ ಕರಡಿನಲ್ಲಿ ಎರಡನ್ನೂ ಬಳಸಿದ್ದೇನೆ. ಕಾಗದದ ಮೇಲೆ ಇದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಅದೇ ರುಚಿಯನ್ನು ಹೊತ್ತು ಭಾನುವಾರ ಆಗುಂಬೆಗೋ ಚಾರ್ಮಾಡಿಗೋ ಕಾರಿನಲ್ಲಿ ಹೊರಟು, ರಸ್ತೆ ಬದಿಯ ಮರದ ಕೊಂಬೆಯಿಂದ ಒಂದು ಬುಡ ಕಿತ್ತು ಡಿಕ್ಕಿಯಲ್ಲಿಟ್ಟುಕೊಂಡು ಬರುವಾಗ ನಷ್ಟ ಶುರುವಾಗುತ್ತದೆ.

ಸೀತಾಳೆ ದಂಡೆ ನೋಡದವರಿಗಾಗಿ ಎರಡು ಮಾತು. ಮಳೆ ಹಿಡಿಯುವ ಹೊತ್ತಿಗೆ, ಮೇ ಕೊನೆ, ಜೂನ್‌ನಲ್ಲಿ, ಮಲೆನಾಡಿನ ಹಲಸು, ಮಾವು, ಮತ್ತಿ ಮರಗಳ ಮೇಲಿನಿಂದ ನರಿಬಾಲದಂತೆ ಇಳಿಬೀಳುವ ಹೂಗೊಂಚಲು ಅದು. ಬಿಳಿಯ ಮೇಲೆ ನೇರಳೆ ಚುಕ್ಕಿ. ಒಂದೊಂದು ಗೊಂಚಲಿನಲ್ಲಿ ನೂರರ ಆಸುಪಾಸು ಪುಟ್ಟ ಹೂ. ಕಟ್ಟುವ ಕೆಲಸವೇ ಇಲ್ಲ, ಮರವೇ ದಂಡೆ ಕಟ್ಟಿ ಇಳಿಬಿಟ್ಟಂತೆ. ಸೀತೆ ವನವಾಸದಲ್ಲಿ ಮುಡಿದದ್ದು ಎಂದು ನಮ್ಮಲ್ಲಿ ಹೇಳುತ್ತಾರೆ. ಅಸ್ಸಾಮಿನಲ್ಲಿ ಇದೇ ಹೂವಿಗೆ 'ಕೊಪೌ ಫುಲ್' ಎಂದು ಹೆಸರು, ಬಿಹು ನೃತ್ಯದ ಹುಡುಗಿಯರು ತುರುಬಿಗೆ ಸುತ್ತಿಕೊಳ್ಳುತ್ತಾರೆ. ಅದು ಆ ರಾಜ್ಯದ ಹೂವೂ ಹೌದು. ಇಷ್ಟು ಚೆಂದದ ಗಿಡವನ್ನು ನಮ್ಮ ಎಷ್ಟೋ ತೋಟಗಳಲ್ಲಿ ಬಂದಳಿಕೆ ಎಂದು ತಿಳಿದು ಕೆರೆದು ಬಿಸಾಡುತ್ತಾರೆ. ಬಂದಳಿಕೆ ಮರದ ರಸ ಹೀರುತ್ತದೆ. ಸೀತಾಳೆ ಮರದಿಂದ ಕೇಳುವುದು ಕೂರಲು ಜಾಗ ಮಾತ್ರ. ಉಳಿದದ್ದನ್ನು ಅದರ ಬೇರಿನ ಮೇಲಿರುವ ಸ್ಪಂಜಿನಂಥ ಬಿಳಿ ಪದರ ಮಳೆ, ಮಂಜು, ತೊಗಟೆಯ ಮೇಲಿನ ಧೂಳಿನಿಂದ ಹೀರಿಕೊಳ್ಳುತ್ತದೆ.

ನಾನು ಕೂಡ ತಂದವಳೇ. ಎಂ.ಎ. ಸೇರಿದ ವರ್ಷ ತೀರ್ಥಹಳ್ಳಿ ಕಡೆಯ ನಮ್ಮೂರಿಂದ ಮೈಸೂರಿನ ಬಾಡಿಗೆ ಕೋಣೆಗೆ ಒಂದು ಬುಡ ತಂದು ಕಿಟಕಿಗೆ ಕಟ್ಟಿದ್ದೆ. ಊರು ನೆನಪಾದಾಗ ನೋಡಿಕೊಳ್ಳಲು ಒಂದು ತುಂಡು ಊರು ಬೇಕಿತ್ತು. ದಿನಾ ಎರಡು ಹೊತ್ತು ನೀರು ಚಿಮುಕಿಸಿದೆ. ಮಾರ್ಚ್ ತಿಂಗಳ ಮೈಸೂರಿನ ಒಣಗಾಳಿ ನನಗಿಂತ ಹಟಮಾರಿ. ಏಪ್ರಿಲ್ ಮುಗಿಯುವಷ್ಟರಲ್ಲಿ ಗಿಡ ಸತ್ತಿತ್ತು. ಆಗ ನಾನು ನನಗೆ ಹೇಳಿಕೊಂಡದ್ದನ್ನೇ ಎಲ್ಲರೂ ಹೇಳಿಕೊಳ್ಳುತ್ತಾರೆ: ಒಂದೇ ಗಿಡ ತಾನೆ, ಕಾಡಲ್ಲಿ ಸಾವಿರ ಇದೆ.

ಈ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದು ಸಸ್ಯಶಾಸ್ತ್ರ ಓದುವ ಗೆಳತಿಯೊಬ್ಬಳು ಬಿಡಿಸಿ ಹೇಳಿದ ಮೇಲೆ ತಿಳಿಯಿತು. ಆರ್ಕಿಡ್‌ನ ಒಂದು ಕಾಯಿಯಲ್ಲಿ ಸಾವಿರಾರು, ಕೆಲವು ಜಾತಿಗಳಲ್ಲಿ ಲಕ್ಷಾಂತರ ಬೀಜಗಳಿರುತ್ತವೆ. ಆದರೆ ಆ ಬೀಜ ಧೂಳಿನಷ್ಟು ಸಣ್ಣದು, ಭತ್ತ ಕಡಲೆಗಳಿಗೆ ಇರುವಂತೆ ಒಳಗೆ ಬುತ್ತಿ ಇರುವುದಿಲ್ಲ. ಗಾಳಿಯಲ್ಲಿ ಹಾರಿ ಬಿದ್ದ ಜಾಗದಲ್ಲಿ ಸರಿಯಾದ ಶಿಲೀಂಧ್ರ ಸಿಕ್ಕಿ, ಅದು ಅನ್ನ ಕೊಟ್ಟರಷ್ಟೇ ಮೊಳಕೆ. ಹಾಗೆ ಮೊಳೆತದ್ದು ಹೂ ಬಿಡಲು ಹಲವು ವರ್ಷ ಕಾಯಬೇಕು. ಅಂದರೆ ಕಣ್ಣಿಗೆ ಕಾಣುವಷ್ಟು ದೊಡ್ಡದಾದ, ಹೂ ಬಿಟ್ಟ ಗಿಡವೆಂದರೆ ಲಕ್ಷಾಂತರ ಸೋಲುಗಳ ನಡುವೆ ಗೆದ್ದ ಒಂದು ಗಿಡ. ನಾವು ಆರಿಸಿ ಕೀಳುವುದು ಅದನ್ನೇ, ಹೂ ಬಿಟ್ಟಿರುವುದನ್ನೇ. ಮರಿಗಳನ್ನು ಯಾರೂ ಕೀಳುವುದಿಲ್ಲ, ಅವು ಕಾಣುವುದೇ ಇಲ್ಲ.

ಈ ಚಟ ಹೊಸದೂ ಅಲ್ಲ, ದೇಸಿಯೂ ಅಲ್ಲ. 1850ರಲ್ಲಿ ಜೋಸೆಫ್ ಹೂಕರ್ ಎಂಬ ಸಸ್ಯವಿಜ್ಞಾನಿ ಖಾಸಿ ಬೆಟ್ಟಗಳಿಗೆ ಹೋದಾಗ ಅಲ್ಲಿನ ನೀಲಿ ವಾಂಡಾ ಗಿಡಗಳನ್ನು ಏಳು ಆಳು ಹೊರುವಷ್ಟು ಕೀಳಿಸಿ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಕಳಿಸಿದ. ಜೀವ ಉಳಿಸಿಕೊಂಡು ಇಂಗ್ಲೆಂಡ್ ತಲುಪಿದವು ಬೆರಳೆಣಿಕೆಯಷ್ಟು. ಬೇರೊಬ್ಬ ಸಾಹೇಬ ಕಳಿಸಿದ ಒಂದೇ ಹೊರೆ, ಅರೆಜೀವವಾಗಿ ತಲುಪಿಯೂ, 300 ಪೌಂಡಿಗೆ ಮಾರಾಟವಾಯಿತು. ಇದನ್ನೆಲ್ಲ ಹೂಕರ್ ತಾನೇ 1854ರ ತನ್ನ ಹಿಮಾಲಯದ ದಿನಚರಿಯಲ್ಲಿ ಬರೆದಿದ್ದಾನೆ. ವಸಾಹತುಶಾಹಿಯನ್ನು ಪುಟಗಟ್ಟಲೆ ಖಂಡಿಸುವ ನಾವು ಅದೇ ಹೊರೆಯನ್ನು ಸಣ್ಣ ಸಣ್ಣ ಕಂತುಗಳಲ್ಲಿ ಇಳಿಸಿಕೊಳ್ಳುತ್ತಿದ್ದೇವೆ. ಕೇರಳದ ಅಗಸ್ತ್ಯಮಲೆಯಲ್ಲಿ ಮಾತ್ರ ಇರುವ, ಹಳದಿ ಚಪ್ಪಲಿಯಂಥ ಹೂ ಬಿಡುವ ಆರ್ಕಿಡ್ ಒಂದಿದೆ. ಸಂಗ್ರಹಕಾರರ ಪ್ರೀತಿಯಿಂದಲೇ ಅದು ಅಳಿವಿನ ಅಂಚಿಗೆ ಬಂದದ್ದು.

ಹಾಗಾದರೆ ಕ್ಯಾಮೆರಾ ಹಿಡಿಯೋಣ, ಫೋಟೊ ಏನನ್ನೂ ಕೀಳುವುದಿಲ್ಲವಲ್ಲ ಎನ್ನಬಹುದು. ನಾನೂ ಸತ್ತ ಗಿಡದ ಪ್ರಾಯಶ್ಚಿತ್ತಕ್ಕೆಂದೇ ಅದಕ್ಕೆ ಇಳಿದೆ. ಆರ್ಕಿಡ್ ಎಂಬ ಹೂವನ್ನು ನಿಜವಾಗಿ ನೋಡಿದ್ದು ಆಗಲೇ ಎಂದು ಒಪ್ಪಬೇಕು. ಮೊಗ್ಗು ಅರಳುವ ಮೊದಲು ತೊಟ್ಟಿನ ಮೇಲೆ ಅರ್ಧ ಸುತ್ತು ತಿರುಗುತ್ತದೆ. ಮೇಲಿರಬೇಕಾದ ಎಸಳು ಹಾಗೆ ಕೆಳಗೆ ಬಂದು, ದುಂಬಿಗೆ ಹಾಸಿದ ಜಗಲಿಯಾಗುತ್ತದೆ. ಮೂರು ದಿನ ಒಂದೇ ಮೊಗ್ಗಿನ ಮುಂದೆ ಕೂತು ಈ ತಿರುವನ್ನು ಚಿತ್ರಗಳಲ್ಲಿ ಹಿಡಿದಾಗ ಆದ ಖುಷಿ ಯಾವ ಅಧ್ಯಾಯ ಬರೆದಾಗಲೂ ನನಗೆ ಆಗಿಲ್ಲ. (ನನ್ನ ಮಾರ್ಗದರ್ಶಕರು ಇದನ್ನು ಓದುವುದಿಲ್ಲ ಎಂದುಕೊಂಡಿದ್ದೇನೆ.)

ಆದರೆ ಫೋಟೊಗ್ರಫಿಯೂ ಮುಗ್ಧವಲ್ಲ. ಮೊದಲ ಮಳೆಗೆ ಹುಲ್ಲಿನ ನಡುವೆ ಏಳುವ ಬಿಳಿಯ ನೆಲದ ಆರ್ಕಿಡ್‌ಗಳ ಮುಂದೆ ಹೊಟ್ಟೆ ಮೇಲೆ ಮಲಗಿ ಚಿತ್ರ ತೆಗೆದವರು ಎದ್ದು ಹೋದ ಮೇಲೆ ಆ ಜಾಗ ನೋಡಬೇಕು. ಹಿನ್ನೆಲೆ 'ಸ್ವಚ್ಛ'ವಾಗಲಿ ಎಂದು ಸುತ್ತಲಿನ ಹುಲ್ಲು ಕಿತ್ತಿರುತ್ತಾರೆ, ಇಬ್ಬನಿ ಬೇಕೆಂದು ಬಾಟಲಿಯಿಂದ ನೀರು ಚಿಮುಕಿಸಿರುತ್ತಾರೆ. ಮೊಣಕೈ ಊರಿದ ಜಾಗದಲ್ಲಿ ಮುಂದಿನ ವರ್ಷದ ನಾಲ್ಕು ಗಿಡ ನುಜ್ಜಾಗಿರುತ್ತವೆ. ಇನ್ನೊಂದು ನನ್ನದೇ ಅಪರಾಧ. ಊರ ಹತ್ತಿರದ ಹಲಸಿನ ಮರದಲ್ಲಿ ಹನ್ನೊಂದು ಗೊಂಚಲು ಬಿಟ್ಟಿದ್ದ ಸೀತಾಳೆಯ ಚಿತ್ರವನ್ನು ಊರ ಹೆಸರು, ರಸ್ತೆ, ತಿರುವು ಎಲ್ಲ ಬರೆದು ಹಂಚಿಕೊಂಡೆ. ಮೆಚ್ಚುಗೆ ಸುರಿಯಿತು. ಮರುವರ್ಷ ಹೋದರೆ ಕೈಗೆಟುಕುವ ಕೊಂಬೆಗಳೆಲ್ಲ ಬೋಳು, ತೊಗಟೆಯ ಮೇಲೆ ಹರಿದ ಬೇರಿನ ಗುರುತು. ಯಾರು ಕಿತ್ತರೋ ಗೊತ್ತಿಲ್ಲ, ನನ್ನ ಚಿತ್ರ ನೋಡಿಯೇ ಬಂದರು ಎನ್ನಲು ಸಾಕ್ಷಿಯೂ ಇಲ್ಲ. ಅಂದಿನಿಂದ ಜಾಗ ಬರೆಯುವುದು ಬಿಟ್ಟೆ, ಫೋನಿನ ಕ್ಯಾಮೆರಾದಲ್ಲಿ ಸ್ಥಳ ದಾಖಲಾಗುವುದನ್ನೂ ಆರಿಸಿಟ್ಟೆ.

ಈಗ ನನ್ನ ಕಿಟಕಿಯಲ್ಲಿರುವುದು ನರ್ಸರಿಯಿಂದ ತಂದ ಫೆಲನಾಪ್ಸಿಸ್. ಹೋಟೆಲ್ ಲಾಬಿಗಳಲ್ಲಿ, ಮದುವೆ ಮಂಟಪಗಳಲ್ಲಿ ಇರುತ್ತದಲ್ಲ, ಅದೇ. ಸಾಹಿತ್ಯದ ಗೆಳೆಯರು ಬಂದರೆ 'ಪ್ಲಾಸ್ಟಿಕ್ ಥರ ಇದೆ' ಎಂದು ಮೂಗು ಮುರಿಯುತ್ತಾರೆ. ಇರಲಿ. ಇದರ ಹಿಂದಿನ ಕಥೆ ಅವರಿಗೆ ಗೊತ್ತಿಲ್ಲ. 1922ರಲ್ಲಿ ಲೂಯಿಸ್ ನಡ್ಸನ್ ಎಂಬಾತ ಶಿಲೀಂಧ್ರದ ನೆರವಿಲ್ಲದೆ, ಸಕ್ಕರೆ ಬೆರೆಸಿದ ಅಗರ್ ಮೇಲೆ ಆರ್ಕಿಡ್ ಬೀಜ ಮೊಳೆಯಿಸಬಹುದು ಎಂದು ತೋರಿಸಿದ. 1960ರಲ್ಲಿ ಜಾರ್ಜ್ ಮೊರೆಲ್ ಕುಡಿಯ ತುದಿಯ ಚೂರಿನಿಂದ ಗಿಡಗಳನ್ನು ಮಾಡುವ ದಾರಿ ತೆರೆದ. ಒಂದು ಕಾಲಕ್ಕೆ ಶ್ರೀಮಂತರ ಗಾಜಿನ ಮನೆಯಲ್ಲಿ ಮಾತ್ರ ಇದ್ದ ಹೂವು, ಫೆಲೋಶಿಪ್ ಹಣ ಸರಿಯಾಗಿ ಬಾರದ ನನ್ನಂಥವಳ ಕಿಟಕಿಗೆ, ಯಾವ ಕಾಡನ್ನೂ ಮುಟ್ಟದೆ, ಬಂದದ್ದು ಈ ಇಬ್ಬರ ದೆಸೆಯಿಂದ. ಹೂ ಎರಡು ಮೂರು ತಿಂಗಳು ನಿಲ್ಲುತ್ತದೆ. ಮಣ್ಣು ಬೇಡ, ಇದ್ದಿಲು, ಹೆಂಚಿನ ಚೂರು, ತೆಂಗಿನ ಸಿಪ್ಪೆ ಸಾಕು. ಬೇರು ಬೆಳ್ಳಿಯ ಬಣ್ಣಕ್ಕೆ ತಿರುಗಿದರೆ ನೀರು ಕೇಳುತ್ತಿದೆ ಎಂದರ್ಥ, ಹಸಿರಿದ್ದರೆ ಸುಮ್ಮನಿರಬೇಕು. ಸೀತಾಳೆಯನ್ನು ಕೊಂದ ಕೈಗೆ ಇದು ಸುಮ್ಮನಿರುವುದನ್ನು ಕಲಿಸಿತು.

ನನ್ನ ವಾದದಲ್ಲಿ ತೂತುಗಳಿವೆ. ಅಂಗಡಿಯಲ್ಲಿ ಮಾರುವುದೆಲ್ಲ ಪ್ರಯೋಗಾಲಯದ್ದಲ್ಲ. ಕಾಡಿನಿಂದ ಕಿತ್ತದ್ದನ್ನೂ ಗೋಣಿಯಲ್ಲಿ ತಂದು ಮಾರುವವರಿದ್ದಾರೆ. ತೊಗಟೆಯ ಚೂರು ಅಂಟಿರುವ, ಅಡ್ಡಾದಿಡ್ಡಿ ಹರಿದ ಬೇರಿನ ಗಿಡ ಕಂಡರೆ ಕೊಳ್ಳಬಾರದು. ಮತ್ತೆ, ಆರ್ಕಿಡ್‌ಗಳ ದೊಡ್ಡ ಶತ್ರು ಬಾಲ್ಕನಿಯ ಕವಿಗಳೂ ಅಲ್ಲ. ಕಾಫಿ ತೋಟಗಳಲ್ಲಿ ಕಾಡುಮರಗಳನ್ನು ಕಡಿದು ಸಿಲ್ವರ್ ಓಕ್ ನೆಟ್ಟದ್ದು, ಹೆದ್ದಾರಿಗಾಗಿ ಸಾಲುಮರ ಉರುಳಿಸಿದ್ದು ಇದಕ್ಕಿಂತ ದೊಡ್ಡ ಲೂಟಿ. ಒಪ್ಪುತ್ತೇನೆ. ಹಾಗೆಂದು ಸಣ್ಣ ಲೂಟಿಗೆ ಕವಿತೆಯ ಮರ್ಯಾದೆ ಕೊಡಬೇಕೇ?

'ನಮ್ಮಜ್ಜಿಯೂ ಅಂಗಳದ ಮರಕ್ಕೆ ಸೀತಾಳೆ ಕಟ್ಟುತ್ತಿದ್ದಳು' ಎನ್ನುವವರು ಅಜ್ಜಿ ಮಾಡುತ್ತಿದ್ದುದನ್ನು ಪೂರ್ತಿ ನೆನಪಿಸಿಕೊಳ್ಳಬೇಕು. ನಮ್ಮಜ್ಜಿ ಕಟ್ಟುತ್ತಿದ್ದದ್ದು ಗಾಳಿಮಳೆಗೆ ಮುರಿದು ಬಿದ್ದ ಕೊಂಬೆಯ ಗಿಡಗಳನ್ನು, ತೋಟದ ಮರಗಸಿಯಲ್ಲಿ ನೆಲಕ್ಕುರುಳಿದ್ದನ್ನು. ಬಿದ್ದಲ್ಲೇ ಬಿಟ್ಟರೆ ಅವು ಕೊಳೆಯುತ್ತವೆ. ಬಾಳೆನಾರಿನಲ್ಲಿ ಪಕ್ಕದ ಮಾವಿಗೆ ಕಟ್ಟಿದರೆ ಅದೇ ಮಂಜು, ಅದೇ ದುಂಬಿ. ನಾರು ಕೊಳೆಯುವ ಹೊತ್ತಿಗೆ ಬೇರು ಮರ ಹಿಡಿದಿರುತ್ತದೆ. ಕೈಯಾರೆ ಏನಾದರೂ ಮಾಡಲೇಬೇಕು ಎನ್ನುವವರು ಮಳೆಗಾಲದಲ್ಲಿ ಬಾಳೆನಾರು ಹಿಡಿದು ಮಲೆನಾಡಿಗೆ ಬರಲಿ, ಕೆಲಸ ಬೇಕಾದಷ್ಟಿದೆ.

ಕಳೆದ ವಾರ ಅಮ್ಮ ಮೈಸೂರಿಗೆ ಬಂದಿದ್ದಳು. ಫೆಲನಾಪ್ಸಿಸ್ ಹತ್ತಿರ ಹೋಗಿ ಮೂಸಿ ನೋಡಿ, "ಇದಕ್ಕೆ ವಾಸನೆಯೇ ಇಲ್ಲವಲ್ಲೇ" ಎಂದಳು. ಇಲ್ಲ ಎಂದೆ. ಸ್ವಲ್ಪ ಹೊತ್ತು ನೋಡುತ್ತಾ ನಿಂತು, ಪಾತ್ರೆ ತೊಳೆದ ನೀರು ಹಾಕಬಹುದಾ ಎಂದು ಕೇಳಿದಳು. ಹಲಸಿನ ಮರದಲ್ಲಿ ಈ ಸಲ ತುದಿಯ ಕೊಂಬೆಯಲ್ಲಿ, ಯಾರ ಕೈಗೂ ಎಟುಕದಲ್ಲಿ, ಎರಡು ಗೊಂಚಲು ಬಿಟ್ಟಿದೆಯಂತೆ. ಫೋಟೊ ತೆಗೆಯಲು ಬರುತ್ತೇನೆ ಎಂದಿದ್ದೇನೆ.