ಉದ್ಯಾನದಲ್ಲಿ ಹಾಡುವವನ ಪ್ರತಿಮೆ

ನಮ್ಮ ಕಲಬುರಗಿಯ ಸಾರ್ವಜನಿಕ ಉದ್ಯಾನದಲ್ಲಿ ತತ್ವಪದಕಾರರಾದ ಕಡಕೋಳದ ಮಡಿವಾಳಪ್ಪನವರ ಪ್ರತಿಮೆಯೊಂದು ನಿಲ್ಲಬೇಕೆಂಬುದು ನಮ್ಮ ಬಹುದಿನದ ಅಪೇಕ್ಷೆಯು. ಇದನ್ನು ಹೇಳಿದೊಡನೆಯೇ ಮಿತ್ರರು, “ಮಾಸ್ತರೇ, ಪ್ರತಿಮೆಗೆ ವರ್ಷಕ್ಕೊಂದು ದಿನ ಹಾರ, ಉಳಿದ ದಿನ ಕಾಗೆ” ಎಂದು ನಗುವರು. ಮಾತು ಸುಳ್ಳಲ್ಲ. ಆದರೆ ಹಾಗಾಗದ ಪ್ರತಿಮೆಯೂ ಲೋಕದಲ್ಲುಂಟು.

ಪೋಲೆಂಡ್ ದೇಶದ ವಾರ್ಸಾ ನಗರದ ವಜೆಂಕಿ ಉದ್ಯಾನದಲ್ಲಿ ಶೋಪ್ಯಾನ್ ಎಂಬ ಸಂಗೀತರಚಕನ ಕಂಚಿನ ವಿಗ್ರಹವಿದೆ. ಈತನು 1810ರಲ್ಲಿ ಜನಿಸಿ, ಇಪ್ಪತ್ತನೆಯ ವಯಸ್ಸಿನಲ್ಲಿ ತಾಯ್ನಾಡನ್ನು ಬಿಟ್ಟು, ಮರಳಿ ಅದನ್ನು ಕಾಣದೆಯೇ 1849ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡನು. ಶಿಲ್ಪಿಯಾದ ಶಿಮಾನೋವ್ಸ್ಕಿಯು ಅವನನ್ನು ಗಾಳಿಗೆ ಬಾಗಿದ ಮರವೊಂದರ ಕೆಳಗೆ ಕುಳ್ಳಿರಿಸಿದ್ದಾನೆ. 1926ರಲ್ಲಿ ಅನಾವರಣಗೊಂಡ ಈ ವಿಗ್ರಹವನ್ನು 1940ರ ಮೇ 31ರಂದು ಜರ್ಮನ್ ಸೈನ್ಯವು ಸಿಡಿಸಿ ಕೆಡವಿತು. ಶೋಪ್ಯಾನನ ಸಂಗೀತಕ್ಕೂ ಆಗ ನಿಷೇಧ ಬಿದ್ದಿತು; ಜನರು ಮನೆಗಳೊಳಗೆ ಗುಟ್ಟಾಗಿ ನುಡಿಸಿದರು. ಕಂಚನ್ನು ಕರಗಿಸಬಹುದು, ಬೆರಳಿನಲ್ಲಿರುವುದನ್ನು ಕರಗಿಸುವುದೆಂತು? 1958ರಲ್ಲಿ ವಿಗ್ರಹವು ಪುನಃ ಸ್ಥಾಪಿತವಾಯಿತು. ಮರುವರ್ಷದಿಂದ ಬೇಸಗೆಯ ಭಾನುವಾರಗಳಂದು ಅದರ ಪಾದದ ಬಳಿಯಲ್ಲೇ ಪಿಯಾನೋವಾದನವು ನಡೆದುಬಂದಿದೆ. ಪ್ರವೇಶಕ್ಕೆ ದುಡ್ಡಿಲ್ಲ. ಜನರು ಮಕ್ಕಳುಮರಿಗಳೊಡನೆ ಹುಲ್ಲಿನ ಮೇಲೆ ಕುಳಿತು ಕೇಳುವರು.

ಈಗ ನಮ್ಮ ಮಡಿವಾಳಪ್ಪನವರ ವಿಚಾರ. ಇವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬರಿದ್ದರು, ಖೈನೂರ ಕೃಷ್ಣಪ್ಪನವರಿದ್ದರು. ಜಾತಿಮತಗಳ ಗೋಡೆಯು ಆ ಹಾಡಿನ ಮುಂದೆ ನಿಲ್ಲಲಿಲ್ಲ. ಕಮಲಾಪುರದ ಕಡೆಯ ಹಳ್ಳಿಗಳಲ್ಲಿ ನಾವು ಪಾಠ ಹೇಳುತ್ತಿದ್ದ ಕಾಲದಲ್ಲಿ ಏಕತಾರಿ ದಮ್ಮಡಿಗಳೊಡನೆ ಬೆಳತನಕವೂ ಪದಗಳು ನಡೆಯುತ್ತಿದ್ದುವು. ಅಕ್ಷರವರಿಯದ ಮುದುಕರು ಒಂದು ಪದವನ್ನು ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮತ್ತೊಬ್ಬರು ಮುಂದಿನದನ್ನೆತ್ತುವರು. ಆ ಕಂಠಗಳು ಒಂದೊಂದಾಗಿ ಅಡಗುತ್ತಿವೆ. ಪದಗಳು ಅಚ್ಚಾಗಿವೆ, ನಿಜ. ಆದರೆ ಧಾಟಿಯನ್ನು ಅಚ್ಚುಹಾಕುವುದು ಯಾವ ಮುದ್ರಣಾಲಯಕ್ಕೂ ಸಾಧ್ಯವಿಲ್ಲ. ಅದು ಬಾಯಿಂದ ಕಿವಿಗೇ ಇಳಿಯಬೇಕು.

ಆದುದರಿಂದ ಎತ್ತರದ ಪೀಠವು ನಮಗೆ ಬೇಡ. ಮಕ್ಕಳು ಏಕತಾರಿಯನ್ನು ಮುಟ್ಟುವಷ್ಟು ತಗ್ಗಿನಲ್ಲಿ ಕುಳಿತ ವಿಗ್ರಹವಿರಲಿ. ಅದರೆದುರು ಬೇವಿನ ನೆರಳಿನಲ್ಲೊಂದು ಕಲ್ಲಿನ ಕಟ್ಟೆಯಿರಲಿ. ಕಲ್ಲಿಗೆ ಕೂಡಿಸಿದ ಹಣದಲ್ಲಿ ಅರ್ಧವನ್ನು ಹಾಡುವವರ ದಾರಿಯ ಖರ್ಚಿಗೂ ಊಟಕ್ಕೂ ತೆಗೆದಿಡಬೇಕು. ಪ್ರತಿ ಅಮಾವಾಸ್ಯೆಯ ಸಂಜೆ ಒಂದು ಊರಿನ ಭಜನೆಯವರು ಬರಲಿ. ಮೊದಲ ಸರದಿಯು ಕಮಲಾಪುರದವರಿಗೆ. ಪ್ರಸಾದಕ್ಕೆ ತಮ್ಮೂರಿನ ಕೆಂಪು ಬಾಳೆಯ ಗೊನೆಯನ್ನೂ ಅವರೇ ತಂದಾರು.